ಅರ್ಧ ತಾಸಿನ ಇಂಗ್ಲಿಷ್ ಪಾಠ

ನಾನು ಪಿಯುಸಿ ಮುಗಿಸಿದ ವರ್ಷದ ಮಾತು. ಹಿಂಗಾರಿಗೆ ಕಾಲುವೆ ನೀರು ಬಿಟ್ಟಿದ್ದರು. ಶಹಾಪುರದ ಒಂದು ಟ್ಯೂಷನ್ ಸೆಂಟರಿಗೆ ಇಂಗ್ಲಿಷ್ ಹೇಳಿಕೊಡುವವರು ಬೇಕಾಗಿದ್ದರು. ನನಗೋ ಇಂಗ್ಲಿಷ್ ಅಂದರೆ ಹುಚ್ಚು. ಹಳೆಯ ಗ್ರಾಮರ್ ಪುಸ್ತಕ ಓದಿ, ರೇಡಿಯೋ ಕೇಳಿ ಒಬ್ಬಳೇ ಕಲಿತಿದ್ದೆ. ಆದರೆ ಜನರೆದುರು ಒಂದು ವಾಕ್ಯವನ್ನೂ ಆಡಿರಲಿಲ್ಲ. ಈ ಕೆಲಸ ಸಿಗದಿದ್ದರೆ ಓದು ಬಿಟ್ಟು ಯಾದಗಿರಿಯ ಬಟ್ಟೆ ಅಂಗಡಿಗೆ ಸೇರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಸೆಂಟರಿನ ಸರ್ ಮೊದಲೇ ಹೇಳಿಬಿಟ್ಟರು: "ಎಲ್ಲಾ ಎಸ್ಸೆಸ್ಸೆಲ್ಸಿ ಫೇಲಾದವ್ರವ್ವ. ಬ್ಯಾಸರಾದ್ರ ಎದ್ದು ಚಾ ಕುಡಿಯಾಕ ಹೋಗ್ತಾರ. ಅರ್ಧ ತಾಸು ಕುಂದ್ರಿಸಿದಿ ಅಂದ್ರ ಕೆಲಸ ನಿಂದು."

ಪಾಠ ಫ್ಯೂಚರ್ ಟೆನ್ಸ್. ಬೋರ್ಡಿನ ಮೇಲೆ 'ಪ್ಲೇ' ಎಂದು ಬರೆದು, ಪುಸ್ತಕದಲ್ಲಿದ್ದದ್ದನ್ನು ಗಡಗಡ ಒಪ್ಪಿಸಿದೆ. ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಯಿತು. ನನಗಿಂತ ಎತ್ತರದ ಮಲ್ಲಪ್ಪ ಎಂಬ ಹುಡುಗ ಎದ್ದು ಚಪ್ಪಲಿ ಹುಡುಕತೊಡಗಿದ.

"ಎಲ್ಲಿಗಪಾ?"

"ಇವತ್ತು ನಮ್ಮ ಹೊಲಕ್ಕ ನೀರಿನ ಪಾಳಿ ಅದರಿ ಟೀಚರ್."

"ಇವನ ಹೊಲ ಕಾಲುವಿ ತುದೀಗದರಿ. ನೀರು ಬರೂದ್ರಾಗ ಇವಗ ಮದಿವ್ಯಾಗಿ ಮಕ್ಕಳಾಗ್ತಾವ!" ಎಂದಳು ಮುಂದಿನ ಬೆಂಚಿನ ಶಾಂತಾ.

ಎಲ್ಲರೂ ನಕ್ಕರು. ಇನ್ನಿಬ್ಬರು ಎದ್ದರು. ಬಾಗಿಲಲ್ಲಿ ಸರ್ ನಿಂತಿದ್ದರು. ನನ್ನ ಬಾಯಿ ಒಣಗಿತು. ಏನೂ ತೋಚದೆ ಕೇಳಿದೆ: "ನೀರು ಬರೂತನ ಏನ್ ಮಾಡ್ತಿ ಮಲ್ಲಪ್ಪ?"

"ಏನ್ ಮಾಡೂದ್ರಿ, ಕಾಯೂದು."

'ಪ್ಲೇ' ಅಳಿಸಿ 'ವೇಟ್' ಎಂದು ಬರೆದೆ.

"ಕಾಯ್ತೀನಿ, ಐ ವಿಲ್ ವೇಟ್. ಸಂಜಿಗೆ ಶಾಂತಾ ಆ ಕಡೆ ಬಂದಾಗ ಕಾಯ್ಕೋತ ಕುಂತಿರ್ತೀನಿ, ಐ ವಿಲ್ ಬಿ ವೇಟಿಂಗ್. ನೀರು ಬರೂದ್ರಾಗ ಕಾದಿರ್ತೀನಿ, ಐ ವಿಲ್ ಹ್ಯಾವ್ ವೇಟೆಡ್. ಆಗ ಮಧ್ಯಾಹ್ನದಿಂದ ಕಾಯ್ಕೋತನ ಇದ್ದಿರ್ತೀನಿ, ಐ ವಿಲ್ ಹ್ಯಾವ್ ಬೀನ್ ವೇಟಿಂಗ್."

"ನಾಕನೇದು ಪಕ್ಕಾ ಇವಂದಽ ಬಿಡ್ರಿ!" ಎಂದಳು ಶಾಂತಾ.

"ನಾ ಯಾಕ ನಿನ್ನ ಕಾಯ್ಲಿ?" ಎಂದು ಮಲ್ಲಪ್ಪ ರೇಗಿದ. ಆದರೆ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಾಲ್ಕನ್ನೂ ಹೇಳಿದ. ಎದ್ದವರು ಕುಳಿತರು. ಒಬ್ಬ ಸುರಪುರದ ಬಸ್ಸಿಗೆ ಕಾದ, ಇನ್ನೊಬ್ಬ ಕರೆಂಟಿಗೆ, ಶಾಂತಾ ರಿಸಲ್ಟಿಗೆ. ಎಲ್ಲರೂ ಇಂಗ್ಲಿಷಿನಲ್ಲೇ ಕಾದರು. ಅರ್ಧ ತಾಸು ಯಾವಾಗ ಮುಗಿಯಿತೋ!

"ಅಯ್ಯೋ, ನನ್ನ ಪಾಳಿ!" ಎಂದು ಓಡಿದ ಮಲ್ಲಪ್ಪ ಬಾಗಿಲಲ್ಲಿ ತಿರುಗಿದ. "ಟೀಚರ್, ನಾಳಿ ನೀವಽ ಬರ್ತೀರಿಲ್ಲ?"

ನಾನು ಸರ್ ಮುಖ ನೋಡಿದೆ.

"ಬರ್ತಾರಪಾ, ನೀ ಮೊದ್ಲು ಹೊಲಕ್ಕ ಓಡು," ಎಂದರು ಅವರು.

ಉಳಿದವರೂ ಎದ್ದು ಹೊರಟರು. ಖಾಲಿಯಾದ ಬೆಂಚಿನ ಮೇಲೆ ಕುಳಿತು ಒಂದು ತಂಬಿಗೆ ನೀರು ಗಟಗಟ ಕುಡಿದೆ. ಅಷ್ಟು ತಂಪಾದ ನೀರನ್ನು ನಾನು ಮತ್ತೆಂದೂ ಕುಡಿದಿಲ್ಲ.