ಅಕ್ಕನ ಕಂಪ್ಯೂಟರ್ ಮತ್ತು ಬೆರಳುದ್ದದ ಲಾಕ್

ಫೆಬ್ರವರಿ 8, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಗುಬ್ಬಿಯಲ್ಲಿ ಅಕ್ಕ ನಡೆಸುತ್ತಿದ್ದ ಡಿಟಿಪಿ ಅಂಗಡಿಯ ಬಾಗಿಲು ತೆಗೆದು ಅವಳ ಕಂಪ್ಯೂಟರಿನ ಡಿಸ್ಕನ್ನು ಕಾಪಿಗೆ ಹಾಕಿದೆ. ಅಕ್ಕ ಶ್ರಾವಣದಲ್ಲಿ ಡೆಂಗಿ ಜ್ವರದಿಂದ ತೀರಿಕೊಂಡಳು.

ನನ್ನ ದಿನದ ಕೆಲಸವೂ ಇದೇ. ಗುಬ್ಬಿಗೆ ಹತ್ತಿರದ ಸತ್ಯಮಂಗಲದ ಕಾರ್ಖಾನೆಗಳಲ್ಲಿ ಹಳೆಯ ಕಂಪ್ಯೂಟರ್ ಕೈಕೊಡುವ ಮೊದಲು ಅದರ ಡಿಸ್ಕನ್ನು ಇಡಿಯಾಗಿ ನಕಲು ಮಾಡಿ, ಹೊಸದರೊಳಗೆ ವರ್ಚುವಲ್ ಮಷೀನ್ ಆಗಿ ಓಡಿಸುತ್ತೇವೆ. ಪೆಟ್ಟಿಗೆ ಗುಜರಿಗೆ ಹೋದರೂ ಒಳಗಿನದು ಮೊದಲಿನಂತೆಯೇ ನಡೆಯುತ್ತದೆ. ಈವರೆಗೆ ನಲವತ್ತೊಂದು ಮಾಡಿದ್ದೆ. ಅಕ್ಕನದು ನಲವತ್ತೆರಡು.

ನನಗೆ ಬೇಕಿದ್ದದ್ದು ಸೋಬಾನೆ ಪದಗಳು. ಕುಣಿಗಲ್‌ನಿಂದ ಅಮ್ಮ ಬಂದಾಗಲೆಲ್ಲ ಅಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡಿಸಿ, ಟೈಪ್ ಮಾಡುತ್ತಿದ್ದಳು. ಆಮೇಲೆ ಅಮ್ಮನಿಗೆ ಸ್ಟ್ರೋಕ್ ಆಯಿತು. ಈಗ ಧಾಟಿ ಬರುತ್ತದೆ, ಪದ ಬರುವುದಿಲ್ಲ.

ಭಾವ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

“ಏನ್ ಬಾಮೈದ, ನಿಮ್ಮಕ್ಕನ್ ಪೆಟ್ಗೆನ ಆ ತೆಳ್ಳಗಿರೋ ಲ್ಯಾಪ್‌ಟಾಪ್ ಒಳಿಕ್ಕೆ ತುರುಕ್ತೀಯಾ?”

“ಹೂಂ ಭಾವ.”

“ಅವ್ಳ್ ಬೈಗುಳಾನೂ ಬತ್ತದಾ ನೋಡು.”

ಸಂಜೆ ಲ್ಯಾಪ್‌ಟಾಪಿನಲ್ಲಿ ಅದು ಎದ್ದಿತು. ಪರದೆಯ ಮೇಲೆ ಅವಳು ಹಾಕಿದ್ದ ಕನಕಾಂಬರದ ಚಿತ್ರ, ಅರ್ಧ ಮಾಡಿಟ್ಟ ಮದುವೆ ಕಾರ್ಡು. ‘ಅಮ್ಮ’ ಎಂಬ ಫೋಲ್ಡರಿನಲ್ಲಿ ಇಪ್ಪತ್ತಾರು ಫೈಲು. ಮೊದಲನೆಯದನ್ನು ಒತ್ತಿದೆ. ಅವಳ ಹಳೆಯ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಲಾಕ್ ಕೇಳಿತು. ಲಾಕ್ ಎಂದರೆ ಕಂಪ್ಯೂಟರಿನ ಹಿಂದೆ ಚುಚ್ಚುವ ಬೆರಳುದ್ದದ ತುಂಡು. ಅದಿಲ್ಲದೆ ಸಾಫ್ಟ್‌ವೇರ್ ತೆರೆಯದು. ಡಿಸ್ಕಿನಲ್ಲಿರುವುದೆಲ್ಲ ನಕಲಾಗುತ್ತದೆ, ಅದು ಆಗುವುದಿಲ್ಲ. ಪೆಟ್ಟಿಗೆ ತಿರುಗಿಸಿ ನೋಡಿದೆ. ಲಾಕ್ ಇರಬೇಕಾದ ಜಾಗದ ಪಕ್ಕದಲ್ಲಿ ಒಣಗಿದ ಕುಂಕುಮ ಮಾತ್ರ ಇತ್ತು.

“ಭಾವ, ಇಲ್ಲೊಂದು ಕಪ್ಪು ತುಂಡು ಇತ್ತಲ್ಲ?”

ಅವರು ಎದ್ದು ಬಂದು ಪೆಟ್ಟಿಗೆಯ ಹಿಂಬದಿ ನೋಡಿದರು. “ಆಯುಧಪೂಜೆಗೆ ನಾನೇ ಎಲ್ಲಾ ಬಿಚ್ಚಿ ಒರೆಸ್ದೆ ಕಣೋ. ಅದುಕ್ಕೆ ಯಾವ್ ವೈರೂ ಇರ್ಲಿಲ್ಲ. ಕೆಲ್ಸುಕ್ ಬಾರದ್ದು ಅಂತ ಹಳೇ ವೈರ್ ಜೊತೆ ಗುಜ್ರಿಗೆ ಹಾಕ್ದೆ.”

ಸಾವಾದ ವರ್ಷ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಆದರೂ ಅವಳು ಪ್ರತಿ ವರ್ಷ ಪೂಜೆ ಮಾಡುತ್ತಿದ್ದ ಕಂಪ್ಯೂಟರ್ ಬರಿದಾಗಿ ಇರಬಾರದೆಂದು ಭಾವ ಯಾರಿಗೂ ಹೇಳದೆ ಅಂಗಡಿ ತೆರೆದು, ಒಬ್ಬರೇ ಒರೆಸಿ, ಕುಂಕುಮ ಇಟ್ಟಿದ್ದರು. ಗುಜರಿ ಅಂಗಡಿ ಎಲ್ಲಿ ಎಂದಷ್ಟೇ ಕೇಳಿದೆ.

ಗುಬ್ಬಿಯ ಗುಜರಿಯವನು ಮೂಟೆಗಳನ್ನು ಶಿರಾ ಗೇಟ್ ಕಡೆಯ ದೊಡ್ಡ ಗುಜರಿಗೆ ಸಾಗಿಸಿಯಾಗಿತ್ತು. ಅಲ್ಲಿಯೂ ಹುಡುಕಿದೆ, ಸಿಗಲಿಲ್ಲ. ಫೈಲುಗಳನ್ನು ಬೇರೆ ಪ್ರೋಗ್ರಾಮಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಸಿಕ್ಕ ಕನ್ವರ್ಟರ್‌ಗಳಲ್ಲಿ ಒಂದು, ‘ಸೋ’ ಎಂಬಷ್ಟನ್ನು ಬಿಡಿಸಿ ನಿಂತಿತು.

ಫೆಬ್ರವರಿ 22ರಂದು ಲ್ಯಾಪ್‌ಟಾಪನ್ನು ಕುಣಿಗಲ್‌ಗೆ ಒಯ್ದು ಅಮ್ಮನಿಗೆ ತೋರಿಸಿದೆ. ಕನಕಾಂಬರದ ಚಿತ್ರ ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಅಕ್ಕನ ಪಕ್ಕ ಕೂರುತ್ತಿದ್ದ ಹಾಗೇ ಕುರ್ಚಿ ಎಳೆದುಕೊಂಡು ಕೂತು, ಧಾಟಿ ಹಿಡಿದಳು. ಪದ ಬರಬೇಕಾದಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು. ಓದಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ನಿಮ್ಮೂರಿನ ಯಾವುದಾದರೂ ಹಳೆಯ ಡಿಟಿಪಿ ಅಂಗಡಿಯಲ್ಲಿ, ಪ್ರಿಂಟರ್ ಕಿಂಡಿಗೆ ಚುಚ್ಚುವ ಅಂಥ ಲಾಕ್ ಉಳಿದಿದ್ದರೆ, ಇಲ್ಲವೇ ಇಂಥ ಫೈಲು ಬಿಡಿಸುವುದು ಗೊತ್ತಿದ್ದರೆ, ದಯವಿಟ್ಟು ಬರೆಯಿರಿ. ಒಂದು ಹಾಡು ಸಿಕ್ಕರೂ ಸಾಕು. ಮೊದಲ ಸಾಲು ಓದಿದರೆ ಅಮ್ಮ ಮುಂದುವರಿಸಬಹುದು.