ದೊಡ್ಡಮ್ಮನ ಬಾವಿಯ ಕೊರಮೀನು

ಮೊನ್ನೆ ಹೊಸೂರು ಸಂತೆಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬಿನೊಳಗೆ ಕೊರಮೀನುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಗೇಣು ನೀರೂ ಇರಲಿಲ್ಲ. ಆದರೂ ಗಳಿಗೆಗೊಮ್ಮೆ ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದವು. ಮೀನು ಕೊಳ್ಳಲು ಹೋದವಳು ಬರಿಗೈಯಲ್ಲಿ ಬಂದೆ. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ಅವರ ಬಾವಿ ಹಳ್ಳದ ದಡದಲ್ಲೇ ಇತ್ತು; ಹಳ್ಳದ ನೀರೇ ಜಿನುಗಿ ಒಳಗೆ ಬರುತ್ತಿತ್ತು. ಕುಡಿಯುವ ಬಾವಿಗೆ ಮೀನು ಬಿಡುವುದು ನಮ್ಮ ಕಡೆಯ ಹಳೆಯ ರೂಢಿ. ಹುಳು ತಿಂದು ನೀರನ್ನು ಶುಚಿಯಾಗಿಡುತ್ತದೆ, ಮೀನು ಬದುಕಿದ್ದರೆ ನೀರು ಕುಡಿಯಬಹುದು ಎಂಬ ನಂಬಿಕೆ. ದೊಡ್ಡಮ್ಮ ಹಳ್ಳಕ್ಕಿಳಿದು ಸೆರಗಿನಲ್ಲೇ ಬೆರಳುದ್ದದ ಪಕ್ಕೆ ಮೀನು ಹಿಡಿದು ತಂದು ಬಿಡುತ್ತಿದ್ದರು. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ಎಂಬುದು ಅವರಿಗೆ ತಮಾಷೆ. "ಟೀಚರಮ್ಮಾ, ನಿನ್ ಪುಸ್ತಕದಾಗಿನ್ ಮೀನು ಈಜ್ತದಾ?" ಅನ್ನುತ್ತಿದ್ದರು.

ಆಮೇಲೆ ಹಳ್ಳದಲ್ಲಿ ನೊರೆ ಬರತೊಡಗಿತು. ಮೇಲಿನಿಂದ ಚರಂಡಿ ನೀರು, ಕಾರ್ಖಾನೆ ನೀರು ಎಲ್ಲ ಸೇರಿ... ಮೊದಲು ಏಡಿಗಳು ಕಾಣದಾದವು, ಆಮೇಲೆ ಬಸವನಹುಳು. ಬಾವಿಯ ಪಕ್ಕೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ದೊಡ್ಡಮ್ಮ ಬಾವಿ ನೀರು ಬಿಟ್ಟು, ಎರಡು ಬೀದಿ ಆಚೆಯ ಕೊಳಾಯಿಯಿಂದ ಹೊರತೊಡಗಿದರು. ಮತ್ತೆ ಮೀನು ಬಿಟ್ಟರು, ಅವೂ ಸತ್ತವು. ಕೊನೆಗೆ ಡೆಂಕಣಿಕೋಟೆ ಕಡೆಯ ಕೆರೆಯಿಂದ ಒಂದು ಕೊರಮೀನು ತರಿಸಿ ಬಿಟ್ಟರು. ತಿಂಗಳಾದರೂ ಅದು ಸಾಯಲಿಲ್ಲ.

"ಬದುಕ್ಬುಡ್ತು ನೋಡು! ನೀರು ಸರಿಹೋಯ್ತು, ಕುಡಿ" ಎಂದು ಚೊಂಬನ್ನು ನನ್ನ ಕೈಗಿಟ್ಟರು.

ಕೊರಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ, ಕೆಟ್ಟ ನೀರಿನಲ್ಲೂ ಬದುಕುತ್ತದೆ. ವರ್ಷವರ್ಷವೂ ನಾನೇ ಮಾಡುತ್ತಿದ್ದ ಪಾಠ. ಆದರೆ ಆ ಮುಖದ ಸಂಭ್ರಮ... ನನಗೋ ಬಾಯಲ್ಲಿ ಬಿಸಿತುಪ್ಪ. ನಾಳೆ ಹೇಳೋಣ ಎಂದುಕೊಂಡು ಒಂದು ಗುಟುಕು ನುಂಗಿದೆ. ದೊಡ್ಡಮ್ಮನ ಮನೆಯವರು ಕೊಳಾಯಿ ಬಿಟ್ಟು ಮತ್ತೆ ಬಾವಿ ನೀರಿಗೇ ಮರಳಿದರು; ನಮ್ಮ ಮನೆಗೆ ಮಾತ್ರ ಕ್ಯಾನ್ ನೀರು ಬರುತ್ತಿತ್ತು. ನಾಳೆ ಅನ್ನುವುದು ಮೂರು ವರ್ಷವಾಯಿತು. ಹೇಡಿ ನಾನು.

ದೊಡ್ಡಮ್ಮನ ಕಿಡ್ನಿ ಕೆಟ್ಟಿತು. ನೀರಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತು ಕೊನೆಗೂ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಮೊಮ್ಮಗಳ್ಗೂ ಅದೇ ನೀರ್ ಕುಡಿಸ್ಬುಟ್ನಲ್ಲವ್ವಾ" ಅಂದರು.

ವಾರದೊಳಗೆ ತೀರಿಕೊಂಡರು. ಬಾವಿಗೆ ಈಗ ಚಪ್ಪಡಿ ಮುಚ್ಚಿದ್ದಾರೆ. ಅವರಿಲ್ಲದ ಆ ಜಗಲಿಯನ್ನು ದಾಟುವಾಗ ಇಂದಿಗೂ ತಲೆ ತಗ್ಗಿಸಿಯೇ ನಡೆಯುತ್ತೇನೆ.

ಮೊಮ್ಮಗಳು ಈ ವರ್ಷ ನನ್ನ ತರಗತಿಯಲ್ಲಿದ್ದಾಳೆ, ಎರಡನೇ ಬೆಂಚು. ಚುರುಕು ಹುಡುಗಿ, ಏನು ಹೇಳಿದರೂ ಎದ್ದು ನಿಂತು ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಯಾರೂ ಏನೂ ಹೇಳಿಲ್ಲ. ಮುಂದಿನ ವಾರ ಮೀನುಗಳ ಉಸಿರಾಟದ ಪಾಠ ಮಾಡಬೇಕು.