ಕೆಂಪು ಡಬ್ಬಿಯೊಳಗಿನ ಜಪಾನ್

ಈಚೆಗೆ ಹುಕ್ಕೇರಿಯಲ್ಲಿ ನಡೆದ ಶಿಕ್ಷಕರ ತರಬೇತಿಯೊಂದರಲ್ಲಿ ನನ್ನ ಕಣ್ಣಿಗೆ ಕರಿ ಪೆಟ್ಟಿಗೆಯಂಥದೊಂದನ್ನು ಕಟ್ಟಿದರು. ಕತ್ತು ಹೊರಳಿಸಿದ ಕಡೆಗೆಲ್ಲ ಬೇರೆ ದೇಶದ ಓಣಿ, ಬೇರೆ ದೇಶದ ಜನ. ಸಣ್ಣ ಮಕ್ಕಳಿಗೆ ಹೊರಗಿನವರ ರೀತಿ ರಿವಾಜು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂದು ತರಬೇತಿ ಕೊಡಲು ಬಂದಿದ್ದ ತರುಣ ಹೇಳುತ್ತಿದ್ದ. ಇರಬಹುದು. ನಾನು ಮಾತ್ರ ಅಷ್ಟು ಹೊತ್ತೂ ಒಂದು ಕೆಂಪು ಡಬ್ಬಿಯನ್ನು, ಒಬ್ಬ ತಾಯಿಯನ್ನು, ಆಕೆಯ ಮಗಳನ್ನು ನೆನೆಯುತ್ತ ಕುಳಿತಿದ್ದೆ.

ತೊಂಬತ್ತರ ದಶಕದ ಕೊನೆ. ನನಗೆ ಹೊಸ ನೌಕರಿ, ಹೊಸ ಸೊಕ್ಕು. ಕಲ್ಲೋಳಿಯ ನಮ್ಮ ಮನೆಯಿಂದ ಬಸ್ಸು ಹಿಡಿದು ತುಕ್ಕಾನಟ್ಟಿಯ ಆಚೆಗಿನ ಸಣ್ಣ ಊರೊಂದರ ಶಾಲೆಗೆ ಹೋಗಿ ಬರುತ್ತಿದ್ದೆ. ಒಂದು ಭಾನುವಾರ ಕರದಂಟು ತರಲು ಗೋಕಾಕಕ್ಕೆ ಹೋದವಳು ಕರದಂಟು ಮರೆತು ಬಂದೆ. ಬಸ್‌ಸ್ಟ್ಯಾಂಡಿನ ಬಳಿ ಹಳೆಯ ಆಟಿಕೆ ಹರವಿಕೊಂಡು ಕುಳಿತವನೊಬ್ಬ ಕರೆದಿದ್ದ.

"ಬಾಯಾರ, ಇದರಾಗ ಜಪಾನ ದೇಶ ಐತ್ರಿ. ಒಮ್ಮೆ ಕಣ್ಣ ಹಚ್ಚಿ ನೋಡ್ರಿ."

ಪ್ಲಾಸ್ಟಿಕ್ಕಿನ ಕೆಂಪು ಡಬ್ಬಿ. ಎರಡು ಕಣ್ಣಿಗೆ ಎರಡು ಗಾಜು. ಒಳಗೊಂದು ದುಂಡನೆಯ ರಟ್ಟು, ಅದರ ಸುತ್ತ ಉಗುರಿನಷ್ಟು ಚಿತ್ರಗಳು. ಬದಿಯ ಗುಂಡಿ ಒತ್ತಿದರೆ ಕಟಕ್ ಎಂದು ಚಿತ್ರ ಬದಲಾಗುತ್ತಿತ್ತು. ಬೆಳಕಿನ ಕಡೆ ಹಿಡಿದರೆ ಮನುಷ್ಯರು ಮುಂದೆ, ಮನೆ ಹಿಂದೆ, ಗುಡ್ಡ ಇನ್ನೂ ಹಿಂದೆ. ಕೈ ಚಾಚಿದರೆ ಸಿಕ್ಕೀತು ಅನಿಸುವಂತೆ ಕಾಣುತ್ತಿತ್ತು. ಪುಸ್ತಕದ ಚಪ್ಪಟೆ ಚಿತ್ರ ತೋರಿಸಿ ಬೇಸತ್ತಿದ್ದ ನನಗೆ ಅದನ್ನು ಬಿಟ್ಟು ಬರಲಾಗಲಿಲ್ಲ.

ಮರುದಿನ ಮೂರನೇ ತರಗತಿಯ ಮಕ್ಕಳು ಕಿಟಕಿಯ ಹತ್ತಿರ ಸಾಲು ಹಚ್ಚಿದರು. ಜಪಾನಿನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಚಿತ್ರ ಕಂಡು ಅವರಿಗೆ ಭಾರಿ ಸಮಾಧಾನ. "ನಮ್ಮಂಗ ಅದಾರ ನೋಡ" ಎಂದು ಮಾತಾಡಿಕೊಂಡರು. ಕೊನೆಯ ಚಿತ್ರದಲ್ಲಿ ಬಯಲಿನಲ್ಲಿ ಕುಳಿತ ದೊಡ್ಡ ಮೂರ್ತಿ. ಮುಚ್ಚಿದ ಕಣ್ಣು, ಗುಂಗುರು ತಲೆ, ತೊಡೆಯ ಮೇಲೆ ಕೈ. ಅಂಚಿನಲ್ಲಿ ಬರೆದದ್ದು ನನಗೆ ಓದಲು ಬಾರದ ಲಿಪಿ. ನಾನು ಜೈನರ ಮನೆಯ ಮಗಳು, ಬುದ್ಧಿ ಬಂದಾಗಿನಿಂದ ಬಸದಿಯಲ್ಲಿ ಕಂಡ ಭಂಗಿ ಅದು. ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ: "ನೋಡ್ರಿ, ನಮ್ಮ ತೀರ್ಥಂಕರರು ಜಪಾನಿನ್ಯಾಗೂ ಅದಾರ!"

ಹಿಂದಿನ ಸಾಲಿನ ಹುಡುಗಿಯೊಬ್ಬಳ ಸರದಿ ಬಂತು. ದಲಿತರ ಓಣಿಯವಳು, ವರ್ಷವಿಡೀ ಬಾಯಿ ಬಿಚ್ಚದವಳು. ಡಬ್ಬಿ ಕಣ್ಣಿಗೆ ಹಿಡಿದವಳೇ ಅಲ್ಲಾಡದೆ ನಿಂತಳು.

"ಅಕ್ಕಾರ, ಇವ್ರು ತೀರ್ಥಂಕರರು ಅಲ್ರಿ. ಬುದ್ಧ ಅದಾರ್ರಿ. ನಮ್ಮ ಮನ್ಯಾಗೂ ಅದಾರ್ರಿ."

ಮಕ್ಕಳು ಗೊಳ್ಳೆಂದು ನಕ್ಕರು. "ಜಪಾನಿನವ್ರು ಇಕೀ ಮನ್ಯಾಗ ಅದಾರಂತ!" ಎಂದು ಒಬ್ಬ ಕೂಗಿದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

"ನನಗ ಕಲಸಾಕ ಬಂದಿ ಏನ? ಸುಳ್ಳ ಹೇಳಬ್ಯಾಡ, ಹೋಗಿ ಕುಂದರು."

"ಹೆಗಲ ಮ್ಯಾಲ ಅರಿವಿ ಐತ್ರಿ" ಎಂದಳು ಸಣ್ಣ ದನಿಯಲ್ಲಿ. ಹೋಗಿ ಕುಳಿತಳು.

ಸಂಜೆ ಬಸ್ಸಿನಲ್ಲಿ ಡಬ್ಬಿ ತೆಗೆದು ನೋಡಿದೆ. ಮೂರ್ತಿಯ ಎರಡೂ ಹೆಗಲಿನಿಂದ ಬಟ್ಟೆ ಮಡಿಕೆ ಮಡಿಕೆಯಾಗಿ ಇಳಿದಿತ್ತು. ನಮ್ಮ ಬಸದಿಯ ದಿಗಂಬರ ಮೂರ್ತಿಗಳ ಮೈಮೇಲೆ ನೂಲಿನ ಎಳೆಯೂ ಇರುವುದಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಾದವಳು ನಾನು. ನಾಚಿಕೆಯಿಂದ ಮುಖ ಬಿಸಿಯಾಯಿತು. ನಾಳೆ ಹೇಗಾದರೂ ತೇಲಿಸಿಬಿಟ್ಟರಾಯಿತು ಎಂದೂ ಅಂದುಕೊಂಡೆ, ಸುಳ್ಳೇಕೆ.

ಮರುದಿನ ಅವಳು ಬರಲಿಲ್ಲ. ಮೂರು ದಿನ ಬರಲಿಲ್ಲ. ಆ ಕಾಲದಲ್ಲಿ ಕೂಲಿ ಮಾಡುವವರ ಮನೆಯ ಹುಡುಗಿ ಒಂದು ವಾರ ತಪ್ಪಿಸಿದರೆ ಕಳೆ ಕೀಳಲು ಹೋಗುವುದು ರೂಢಿಯಾಗಿ, ಶಾಲೆ ಅಲ್ಲಿಗೇ ಮುಗಿದು ಹೋಗುತ್ತಿತ್ತು. ಅವಳ ಓದು ನನ್ನ ಒಂದು ಮಾತಿಗೆ ನಿಂತರೆ? ನಾಲ್ಕನೇ ದಿನ ಶಾಲೆ ಬಿಟ್ಟ ಮೇಲೆ ಅವಳ ಓಣಿಗೆ ಹೋದೆ. ನೌಕರಿಗೆ ಸೇರಿದ ಎರಡು ವರ್ಷದಲ್ಲಿ ನಾನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು.

ಹುಡುಗಿ ನನ್ನನ್ನು ಕಂಡು ಬಾಗಿಲ ಹಿಂದೆ ಸರಿದಳು. ಆಗಷ್ಟೇ ಹೊಲದಿಂದ ಬಂದಿದ್ದ ತಾಯಿ ಸೆರಗು ಸರಿಮಾಡಿಕೊಂಡು "ಬರ್ರಿ ಅಕ್ಕಾರ" ಎಂದು ಚಾಪೆ ಹಾಸಿದಳು. ಗೋಡೆಯ ಗೂಡಿನಲ್ಲಿ ಗೇಣುದ್ದದ ಬುದ್ಧ ಕುಳಿತಿದ್ದ. ಹುಡುಗಿಯ ಅಜ್ಜ ಬೌದ್ಧ ದೀಕ್ಷೆ ಪಡೆದು ಬರುವಾಗ ನಾಗಪುರದಿಂದ ತಂದದ್ದಂತೆ. ಹೆಗಲ ಮೇಲೆ ಅದೇ ಮಡಿಕೆಗಳು. ನಾನು ಮಾತು ಹುಡುಕುತ್ತಿರುವಾಗಲೇ ತಾಯಿ ಚಹಾ ತಂದಿಟ್ಟಳು. ಒಂದು ಗಳಿಗೆ ನನ್ನ ಕೈ ಮುಂದೆ ಹೋಗಲಿಲ್ಲ. ಯಾಕೆಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿದ್ದಿರಬೇಕು. ಹೊರಗೆ ಬಿಸಿಲು ಕೆಂಪಾಗಿತ್ತು. ಹೊತ್ತು ಮುಳುಗಿದರೆ ನಮ್ಮವರು ಏನನ್ನೂ ಬಾಯಿಗಿಡುವುದಿಲ್ಲ. ಆ ನೆಪ ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಆಕೆಯೇ ಹೇಳಿದಳು: "ಲಗೂನ ಕುಡೀರಿ ಅಕ್ಕಾರ, ಇನ್ನೂ ಹೊತ್ತೈತಿ. ಮುಳಗಿದ ಮ್ಯಾಲ ನಿಮಗ ನಡೆಂಗಿಲ್ಲ. ನೀರು ಸೋಸಿ ಹಾಕೇನ್ರಿ. ಹಸಿಶುಂಠಿ ಹಾಕಿಲ್ಲ, ನೀವು ಗಡ್ಡಿ ತಿನ್ನಂಗಿಲ್ಲಲ್ರಿ."

"ನಿಮಗ ಇದೆಲ್ಲಾ ಹೆಂಗ ಗೊತ್ತ್ರಿ?"

"ಸಣ್ಣಾಕಿ ಇದ್ದಾಗಿಂದ ನಿಮ್ಮ ಮಂದಿ ಹೊಲದಾಗ ದುಡೀತೇನ್ರಿ. ಹಿತ್ತಲ ಬಾಗಲದಾಗ ನಿಂತು ನೋಡೇನಿ."

ನಮ್ಮ ಮನೆಗಳ ಹಿತ್ತಲ ಬಾಗಿಲ ಹೊರಗೆ ನಿಂತೇ ಆಕೆ ನಮ್ಮ ನೀರು, ನಮ್ಮ ಊಟ, ನಮ್ಮ ವ್ರತ ಎಲ್ಲವನ್ನೂ ಕಲಿತಿದ್ದಳು. ನಾನು ಗೋಕಾಕದಿಂದ ಜಪಾನ್ ಹೊತ್ತು ತಂದವಳು, ಶಾಲೆಯಿಂದ ಎರಡು ಓಣಿ ಆಚೆಗಿನ ಮನೆಯ ಗೂಡಿನಲ್ಲಿ ಯಾರಿದ್ದಾರೆಂದು ಅರಿಯದೆ ಒಂದು ಮಗುವನ್ನು ಸುಳ್ಳುಗಾತಿ ಎಂದಿದ್ದೆ. ಚಹಾ ಕುಡಿದೆ. ತಳದ ಹನಿಯವರೆಗೂ ಕುಡಿದೆ.

"ನಂದು ತಪ್ಪಾತು. ನಾಳಿ ಸಾಲಿಗೆ ಬಾ" ಎಂದೆ ಹುಡುಗಿಗೆ.

ಅವಳು ಬಾಗಿಲ ಹಿಂದಿನಿಂದಲೇ ಕೇಳಿದಳು: "ಎಲ್ಲಾರ ಮುಂದ ಹೇಳತೀರೇನ್ರಿ?"

"ಏ, ಅಕ್ಕಾರಿಗೆ ಹಂಗ ಕೇಳ್ತಾರೇನ!" ಎಂದು ತಾಯಿ ಗದರಿದಳು.

"ಹೇಳತೇನಿ" ಎಂದೆ.

ಮರುದಿನ ಅವಳು ಬಂದಳು. ಚೀಲವನ್ನು ಎದೆಗವಚಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ನಾನು ಮಕ್ಕಳ ಮುಂದೆ ನಿಂತು ಹೇಳಿದೆ: "ಆ ಮೂರ್ತಿ ಬುದ್ಧಂದು. ಆಕಿ ಹೇಳಿದ್ದು ಖರೆ. ಸುಳ್ಳು ಹೇಳಿದಾಕಿ ನಾನು." ಯಾರೂ ನಗಲಿಲ್ಲ. ಅಷ್ಟು ಹೇಳುವುದರಲ್ಲಿ ನನ್ನ ಸೊಕ್ಕೆಲ್ಲ ಇಳಿದಿತ್ತು, ಇಳಿದದ್ದು ಹಗುರವೆನಿಸಿತು.

ಆಗ ಅವಳು ಎದ್ದು ಬಂದು ಚೀಲದಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ತೆಗೆದಳು. ಗೂಡಿನಲ್ಲಿದ್ದ ಬುದ್ಧ. ನನ್ನ ಮೇಜಿನ ಮೇಲೆ, ಕೆಂಪು ಡಬ್ಬಿಯ ಬದಿಗೆ ಇಟ್ಟಳು. ಯಾರೂ ಹೇಳದೆಯೇ ಮಕ್ಕಳು ಚಪ್ಪಲಿ ಬಿಟ್ಟು ಸಾಲು ಹಚ್ಚಿದರು.

"ಇದನ್ನ ಯಾಕ ತಂದಿ?" ಎಂದು ಮೆಲ್ಲಗೆ ಕೇಳಿದೆ.

"ನೀವು ಹೇಳಲಿಲ್ಲಂದ್ರ ತೋರಸಬೇಕಂತ ತಂದಿದ್ದೆನ್ರಿ" ಎಂದಳು.